ಮತ್ತೆ ಒಂದು ಬಿತ್ತು, ರಾಣಿ!

"ಸ್ವಲ್ಪ ನಿಧಾನ ಮೇಡಂ... ಸೂಜಿ ಅಂದ್ರೆ ನಂಗೆ ಪ್ರಾಣವೇ ಹೋಗುತ್ತೆ!"

ಅಂಗಿಯ ತೋಳು ಮಡಚಿ, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದ ಆ ಮನುಷ್ಯ ಹೇಳಿದ್ದು ಇಷ್ಟೇ. ಲ್ಯಾಬಿನಲ್ಲಿ ದಿನಕ್ಕೆ ಅರವತ್ತು ಜನರ ರಕ್ತ ತೆಗೆಯುವ ನಮ್ಮ ಹುಡುಗಿಯ ಕೈ ಗಾಳಿಯಲ್ಲೇ ನಿಂತುಹೋಯಿತು.

ಈ ಧ್ವನಿ... ಇದನ್ನು ಸಾವಿರ ಜನರ ನಡುವೆಯೂ ಗುರುತು ಹಿಡಿದಾಳು!

ಒಂದು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಐದು ಜನ ತಮ್ಮ ತಮ್ಮ ಮನೆಯ ಕಂಪ್ಯೂಟರ್ ಮುಂದೆ ಕೂತು ಆಡುವ ಆಟವದು. ಮುಖ ಕಾಣುವುದಿಲ್ಲ, ಮಾತು ಮಾತ್ರ. ಸೂತ್ರಧಾರ ಕಥೆ ಹೇಳುತ್ತಾನೆ, ಉಳಿದ ನಾಲ್ವರು ಕಥೆಯೊಳಗಿನ ಪಾತ್ರಗಳು. ಇವಳು ಖಡ್ಗರಾಣಿ. ರಾಕ್ಷಸನ ಮೇಲೆ ಕತ್ತಿ ಬೀಸಬೇಕೆಂದರೆ ಗುಂಡಿ ಒತ್ತಬೇಕು, ಪರದೆಯ ಮೇಲೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಇಪ್ಪತ್ತು ಬಿದ್ದರೆ ರಾಕ್ಷಸ ಢಮಾರ್! ಒಂದು ಬಿದ್ದರೆ ಕತ್ತಿ ತನ್ನ ಕಾಲಿನ ಮೇಲೆಯೇ.

ಇವಳಿಗೆ ಮಾತ್ರ ಯಾವಾಗ ನೋಡಿದರೂ ಒಂದು. ಆಗ ಆ ಧ್ವನಿ ನಗು ತಡೆದುಕೊಂಡು ಹೇಳುತ್ತಿತ್ತು, "ಮತ್ತೆ ಒಂದು ಬಿತ್ತು, ರಾಣಿ!"

"ನೀವು... ಸೂತ್ರಧಾರ ಅಲ್ವಾ?"

ಅವನು ಒಂದು ಕಣ್ಣು ತೆರೆದ. "ಅಯ್ಯೋ ದೇವ್ರೇ... ಖಡ್ಗರಾಣಿ!"

"ಕಳ್ಳ ದಾಳದ ಸೂತ್ರಧಾರ!"

"ಬಯ್ಯೋದಾದ್ರೆ ಬಯ್ಯಿರಿ, ಮೊದ್ಲು ಸೂಜಿ ಕೆಳಗಿಡಿ!"

ಇಷ್ಟು ದಿನ ಅವಳು ಗಡ್ಡದ ಮುದುಕನೊಬ್ಬನನ್ನು ಊಹಿಸಿಕೊಂಡಿದ್ದಳು. ಇವನೋ, ಗಲ್ಲದಲ್ಲಿ ಗುಳಿ ಬೀಳುವ ಯುವಕ. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಆ ದಾಳದ ಪ್ರೋಗ್ರಾಂ ಬರೆದಿದ್ದು ಯಾರು?"

"ನಾನೇ."

"ಅದಕ್ಕೇ ಮತ್ತೆ!"

"ರೀ, ನಾನು ತಕ್ಕಡಿ ರಿಪೇರಿ ಮಾಡೋನು. ಒಂದು ಗ್ರಾಂ ಹೆಚ್ಚುಕಮ್ಮಿ ತೋರಿಸಿದ್ರೆ ನಂಗೆ ಊಟ ಸೇರಲ್ಲ. ನೀವು ಗುಂಡಿ ಒತ್ತಿದ ಕ್ಷಣ ಇದೆಯಲ್ಲ, ಅದನ್ನ ಹಿಡ್ಕೊಂಡು ಯಂತ್ರ ಲೆಕ್ಕ ಹಾಕುತ್ತೆ. ಚೂರು ತಡವಾಗಿ ಒತ್ತಿದ್ರೂ ಬೇರೆ ಅಂಕಿ!"

"ಲೆಕ್ಕ ಅಂದ್ಮೇಲೆ ಅದೃಷ್ಟ ಎಲ್ಲಿಂದ ಬಂತು?"

"ಯಾರೂ ಮುಂಚೆ ಹೇಳೋಕಾಗದ ಲೆಕ್ಕ ಅದು."

"ನೋಡೇಬಿಡೋಣ! ನಾಲ್ಕು ಭಾನುವಾರ ನಾನು ಎಣಿಸ್ತೀನಿ. ದಾಳ ಸುಳ್ಳಾದ್ರೆ ನೀವು ಆಟ ನಿಲ್ಲಿಸ್ಬೇಕು. ನಿಜವಾದ್ರೆ ನಾನೇ ಎಲ್ಲರ ಮುಂದೆ ಕ್ಷಮೆ ಕೇಳಿ, ಆಟ ಬಿಟ್ಟು ಹೋಗ್ತೀನಿ!"

ಅವನ ಮುಖ ಸಪ್ಪಗಾಯಿತು. ಸೂಜಿಯ ಭಯ ಎಂದುಕೊಂಡು ಅವಳು ಚುಚ್ಚಿಯೇಬಿಟ್ಟಳು.

ಲ್ಯಾಬಿನಲ್ಲಿ ರಕ್ತಕಣ ಎಣಿಸುವ ಒಂದು ಪುಟ್ಟ ಯಂತ್ರವಿತ್ತು. ಒಂದೊಂದು ಬಗೆಯ ಕಣಕ್ಕೆ ಒಂದೊಂದು ಗುಂಡಿ, ಒತ್ತಿದರೆ ಟಿಕ್. ಹಳೆಯದೊಂದನ್ನು ಕೇಳಿ ಮನೆಗೆ ತಂದಳು. ಲ್ಯಾಬಿನವರ ಚಾಳಿ ಬೇರೆ, ಯಾವುದನ್ನು ಪರೀಕ್ಷಿಸಿದರೂ ಪಕ್ಕದಲ್ಲಿ ಹೋಲಿಸಲು ಇನ್ನೊಂದು ಬೇಕೇ ಬೇಕು. ಹಾಗಾಗಿ ತನ್ನ ದಾಳದ ಜೊತೆಗೆ, ರಾಕ್ಷಸರು ತನ್ನ ಮೇಲೆ ಬೀಳುವಾಗ ಸೂತ್ರಧಾರ ಹಾಕುವ ದಾಳವನ್ನೂ ಎಣಿಸಿದಳು. ಅದು ಅವನ ಪರದೆಯ ಮೇಲೆ ಮಾತ್ರ ಕಾಣುತ್ತಿತ್ತು, ಅಂಕಿಯನ್ನು ಅವನೇ ಬಾಯಿಬಿಟ್ಟು ಹೇಳುತ್ತಿದ್ದ.

"ಅಲ್ವೇ," ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿದಳು, "ದಾಳ ಎಣಿಸೋಕೆ ಹೊಸ ಓಲೆ ಯಾಕೆ? ಅವನಿಗೆ ನೀನು ಕಾಣ್ಸೋದೇ ಇಲ್ವಲ್ಲ!"

"ಸುಮ್ನಿರಿ ಅತ್ತಿಗೆ, ಲೆಕ್ಕ ತಪ್ಪುತ್ತೆ!"

ನಾಲ್ಕನೇ ಭಾನುವಾರ ಸಂಜೆ ಅವಳು ಕಾಗದ ಹರಡಿಕೊಂಡು ಕೂತಳು. ಇನ್ನೂರು ಸಲ ದಾಳ ಉರುಳಿತ್ತು. ಒಂದು ಎಂಬ ಅಂಕಿ ಹತ್ತು ಸಲ ಬೀಳಬೇಕಿತ್ತು, ಬಿದ್ದದ್ದು ಹನ್ನೊಂದು ಸಲ. ಇಪ್ಪತ್ತರ ಅಂಕಿಯೂ ಒಂಬತ್ತು ಸಲ ಬಿದ್ದಿತ್ತು!

ಹಾಗಾದರೆ ಬರೀ ಒಂದೇ ಬೀಳುತ್ತೆ ಅಂತ ನನಗೇಕೆ ಅನ್ನಿಸುತ್ತಿತ್ತು?

ಯೋಚಿಸಿದಂತೆ ಅವಳ ಕೆನ್ನೆ ಬಿಸಿಯಾಯಿತು. ಉಳಿದ ಅಂಕಿಗಳು ಬಿದ್ದು ಮರೆತುಹೋಗಿದ್ದವು. ಒಂದು ಬಿದ್ದಾಗ ಮಾತ್ರ ಆ ಧ್ವನಿ ನಗುತ್ತಾ ಅವಳನ್ನು ರಾಣಿ ಎಂದು ಕರೆಯುತ್ತಿತ್ತು... ನೆನಪಿನಲ್ಲಿ ಉಳಿದದ್ದು ಅದೊಂದೇ.

ದಾಳ ನಿಜ. ಅವಳು ಸೋತಿದ್ದಳು. ಇನ್ನು ಮುಂದೆ ಭಾನುವಾರಗಳಿಲ್ಲ, ಆ ಧ್ವನಿಯೂ ಇಲ್ಲ. ಯಾವ ಘಳಿಗೆಯಲ್ಲಿ ಪಣ ಕಟ್ಟಿದೆನೋ ಎಂದು ಅವಳಿಗೆ ಅಳು ಬಂತು.

ಅತ್ತಿಗೆ ಕಾಗದ ಎತ್ತಿಕೊಂಡು ನೋಡಿದಳು. "ಇದೇನೇ, ಈ ಎರಡನೇ ಸಾಲಿನಲ್ಲಿ ಒಂದೂ ದೊಡ್ಡ ಅಂಕಿ ಇಲ್ವಲ್ಲ?"

ರಾಕ್ಷಸರು ಅವಳ ಮೇಲೆ ಅರವತ್ತು ಸಲ ಬಿದ್ದಿದ್ದರು. ಅರವತ್ತರಲ್ಲಿ ಒಂದು ಸಲವೂ ಅವನು ಹೇಳಿದ ಅಂಕಿ ಎಂಟನ್ನು ದಾಟಿರಲಿಲ್ಲ. ಒಂದು ಏಟೂ ಅವಳಿಗೆ ತಗುಲಿರಲಿಲ್ಲ!

ಅಳು ನಿಂತು ರೇಗಿತು. ಓಹೋ... ಕರುಣೆಯೋ? ಆಟ ಬರದ ಹೆಣ್ಣು, ಪಾಪ, ಬದುಕಿಕೊಳ್ಳಲಿ ಅಂತಲೋ?

ಮರುದಿನ ಮಧ್ಯಾಹ್ನದ ಊಟದ ಬಿಡುವಿನಲ್ಲೇ, ಲ್ಯಾಬಿನ ಚೀಟಿಯಲ್ಲಿದ್ದ ವಿಳಾಸ ಹಿಡಿದು ಅವನ ಅಂಗಡಿಗೆ ನುಗ್ಗಿದಳು. ಬಿಚ್ಚಿಟ್ಟ ತಕ್ಕಡಿಗಳ ನಡುವೆ ಅವನು ಒಂದು ಎಲೆಕ್ಟ್ರಾನಿಕ್ ತಕ್ಕಡಿ ಸರಿಮಾಡುತ್ತಿದ್ದ. ಅವಳು ಕಾಗದವನ್ನು ಅವನೆದುರು ಬಡಿದಳು.

"ದಾಳ ಸುಳ್ಳು ಹೇಳಿಲ್ಲ, ಒಪ್ಪಿದೆ. ಸುಳ್ಳು ಹೇಳಿದ್ದು ನೀವು! ಒಂದು ಗ್ರಾಂ ಹೆಚ್ಚುಕಮ್ಮಿ ಆದ್ರೆ ಊಟ ಸೇರಲ್ವಂತೆ! ಅರವತ್ತು ಸುಳ್ಳು ಹೇಳಿ ಹೊಟ್ಟೆ ತುಂಬ ಉಂಡ್ರಾ?"

ಅವನು ಕಾಗದ ನೋಡಿದ. ಕಿವಿ ಕೆಂಪಾಯಿತು. "ಅದನ್ನೂ ಎಣಿಸಿದ್ರಾ..."

"ನನ್ನ ಮೇಲೆ ಕರುಣೆ ತೋರಿಸೋಕೆ ನೀವ್ಯಾರು?"

"ಕರುಣೆ ಅಲ್ಲ ರೀ!" ಅವನು ತಲೆ ಎತ್ತಲಿಲ್ಲ. "ಖಡ್ಗರಾಣಿ ಸತ್ರೆ ನಿಮ್ಮ ಆಟ ಮುಗೀತು. ನೀವು ಹೊರಟುಹೋಗ್ತೀರಿ. ಆಮೇಲೆ ಭಾನುವಾರ ಇಟ್ಕೊಂಡು ನಾನೇನ್ ಮಾಡ್ಲಿ?"

ಅವಳ ಕಣ್ಣು ತಕ್ಕಡಿಯ ಮೇಲೆ ಬಿತ್ತು. ಅಂಕಿಗಳು ನಿಲ್ಲದೆ ಕುಣಿಯುತ್ತಿದ್ದವು.

"ನಿಮ್ಮ ತಕ್ಕಡಿ ಕೆಟ್ಟಿದೆ," ಎಂದಳು ಮೆಲ್ಲಗೆ.

"ತಕ್ಕಡಿ ಸರಿಯಾಗೇ ಇದೆ... ಅದರ ಮೇಲಿರೋ ನನ್ನ ಕೈ ನಡುಗ್ತಿದೆ."

ಅವಳು ತನ್ನ ಕೈಯನ್ನು ಅವನ ಕೈಮೇಲೆ ಇಟ್ಟಳು. ಅಂಕಿಗಳು ಇನ್ನೂ ಜೋರಾಗಿ ಕುಣಿದವು. ಈಗ ಯಾರ ಕೈ ನಡುಗುತ್ತಿತ್ತೋ, ಹೇಳುವುದು ಕಷ್ಟ!

"ಇನ್ಮೇಲೆ ನಿಮ್ಮ ದಾಳಾನೂ ಎಲ್ಲರ ಕಣ್ಣೆದುರೇ ಉರುಳ್ಬೇಕು. ಸುಳ್ಳು ಹೇಳ್ಬಾರ್ದು."

"ರಾಣಿ ಸತ್ತೋದ್ರೆ?"

"ಸಾಯ್ಲಿ ಬಿಡಿ, ಪಣಾನೂ ಹಾಳಾಗ್ಲಿ." ಅವಳು ನಕ್ಕಳು, ಕಣ್ಣು ತುಂಬಿತ್ತು. "ನಾನಂತೂ ಎಲ್ಲಿಗೂ ಹೋಗಲ್ಲ."