ಖಾಕಿ ಬೈಂಡಿನೊಳಗಿನ ಬೆಕ್ಕಿನಮರಿ

ತಿ. ನರಸೀಪುರದ ಬಸ್ಸು ನಂಜನಗೂಡಿನ ನನ್ನ ಫ್ಲೆಕ್ಸ್ ಅಂಗಡಿಯ ಮುಂದೆ ನಿಧಾನವಾಯಿತು. ಕಂಡಕ್ಟರ್ ಹುಚ್ಚಯ್ಯ ಬಾಗಿಲಲ್ಲಿ ಜೋತುಬಿದ್ದು, ಪೊಟ್ಟಣವೊಂದನ್ನು ನನ್ನ ಎದೆಗೇ ಎಸೆದ.

"ಟೀಚರಮ್ಮ ಕೊಟ್ರು ಸಾ!"

ನನ್ನ ಎದೆ ಬಡಿದುಕೊಂಡ ಸದ್ದಿಗೆ ನಂಜುಂಡನ ಗುಡಿಯ ಗಂಟೆಯೂ ನಾಚಿಕೊಂಡಿತು. ಉತ್ಪ್ರೇಕ್ಷೆ ಅನ್ನಬೇಡಿ, ಈ ನಂಜೇಶ ಉತ್ಪ್ರೇಕ್ಷೆ ಮಾಡುವವನಲ್ಲ. ಈ ತಾಲ್ಲೂಕಿನ ಮುಕ್ಕಾಲುಪಾಲು ಮುಖಂಡರು ಫ್ಲೆಕ್ಸುಗಳಲ್ಲಿ ಬೆಳ್ಳಗಾಗಿರುವುದೇ ನನ್ನ ಕಂಪ್ಯೂಟರಿನಿಂದ.

ಟೀಚರಮ್ಮ ಅಂದರೆ ನಯನ. ನರಸೀಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಾಳೆ. ಸ್ಕೂಲ್ ಡೇ ಬ್ಯಾನರ್ ಮಾಡಿಸಲು ಬಂದಾಗ ಅವಳ ಬ್ಯಾಗಿನಿಂದ ಜಪಾನಿನ ಮಾಂಗಾ ಪುಸ್ತಕವೊಂದು ಇಣುಕಿತ್ತು. ಒಂದು ಮನೆಯವರು ಸಾಕಿಕೊಂಡ ಬೆಕ್ಕಿನಮರಿಯ ತಮಾಷೆಯ ಚಿತ್ರಕಥೆ, ದೊಡ್ಡ ಸರಣಿಯಂತೆ. ನಾನು ಕದ್ದು ನೋಡಿದ್ದನ್ನು ಕಣ್ಣಂಚಿನಲ್ಲೇ ಹಿಡಿದು ನಕ್ಕಳು.

"ಓದಿದೀರಾ?"

ಆ ನಗುವಿನ ಎದುರು ಇಲ್ಲ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ.

"ಇಡೀ ಸರಣಿ! ಎರಡೆರಡು ಸಲ! ಮಾಂಗಾ ಅಂದ್ರೆ ನಮಗೆ ಬೆಳಗಿನ ಉಪ್ಪಿಟ್ಟು ಇದ್ದಂಗೆ."

ಜನ್ಮದಲ್ಲಿ ಒಂದನ್ನೂ ಮುಟ್ಟಿರಲಿಲ್ಲ.

ಅಲ್ಲಿಂದ ಶುರುವಾದ ಮಾತು ಕೊನೆಗೆ ಮದುವೆಯ ಪ್ರಸ್ತಾಪವಾಗಿ ಅವಳಪ್ಪ ಗಂಗಾಧರಸ್ವಾಮಿಯವರ ಮುಂದೆ ಕೂತಿತು. ಗೊಬ್ಬರದ ಅಂಗಡಿಯವರು, ಮಾತಿನಲ್ಲಿ ಜಿಪುಣರು. ನಾನೋ, "ನನ್ನ ಫ್ಲೆಕ್ಸ್ ಎಲ್ಲಾ ಹಾಸಿದ್ರೆ ಮೈಸೂರುವರೆಗೂ ನೆರಳು" ಎಂದುಬಿಟ್ಟೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ಬಾಯಿ ಜಾಸ್ತಿಯಾಯ್ತು ಕಣಪ್ಪ. ಯೋಚ್ನೆ ಮಾಡಿ ಹೇಳ್ತೀನಿ."

ಅಂದಿನಿಂದ ನನಗೆ ಅನ್ನ ಸೇರಿಲ್ಲ. ತಿಂದ ಇಡ್ಲಿಗಳು ಲೆಕ್ಕಕ್ಕಿಲ್ಲ.

ಪೊಟ್ಟಣ ಬಿಚ್ಚಿದೆ. ಮಕ್ಕಳ ಪಠ್ಯಪುಸ್ತಕಕ್ಕೆ ಹಾಕುವಂತೆ ಖಾಕಿ ಬೈಂಡ್ ಹಾಕಿದ ಪುಸ್ತಕ. ಮೇಲೊಂದು ಚೀಟಿ: 'ಬೆಕ್ಕಿನಮರಿಯ ಮೊದಲನೇ ಭಾಗ. ಅಪ್ಪನ ಉತ್ತರ ಕೊನೇ ಪುಟದಲ್ಲಿದೆ. ನಿಮಗೆ ಗೊತ್ತೇ ಇರುತ್ತಲ್ಲ!'

ನೇರವಾಗಿ ಕೊನೆಯ ಪುಟ ತೆರೆದೆ. ಸುರಿಯುವ ಮಳೆ. ಬೀದಿ ಬದಿಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆ. ಅದರೊಳಗೆ ಒಂಟಿ ಮರಿ, ಬಾಯಿ ಅಗಲಿಸಿ ಅಳುತ್ತಿದೆ.

ಬಾಯಿ ಅಗಲಿಸಿ! ನಾನೇ ಅದು. ಬೀದಿಗೆ ಬಿಸಾಕಿದ್ದರು.

ಫೋನ್ ಮಾಡಿದರೆ ಕ್ಲಾಸಿನಲ್ಲಿದ್ದಳೋ ಏನೋ, ಎತ್ತಲಿಲ್ಲ. ಶಟರ್ ಎಳೆದು, ಸ್ಟ್ಯಾಂಡಿನಿಂದ ವಾಪಸ್ ಹೊರಟಿದ್ದ ಅದೇ ಬಸ್ಸನ್ನು ಓಡಿ ಹತ್ತಿದೆ.

"ಯಾಕ್ ಸಾ, ಮೊಕ ಇಂಗ್ ಬಾಡೋಗದೆ?" ಅಂದ ಹುಚ್ಚಯ್ಯ.

"ಬೆಕ್ಕಿನಮರಿನ ಮನೆಯಿಂದ ಆಚೆ ಹಾಕವ್ರೆ ಹುಚ್ಚಯ್ಯ."

"ಅದುಕ್ಯಾಕ್ ಅಳ್ತೀರಿ? ಎಲ್ಲಿ ಬುಟ್ರೂ ವಾಪಸ್ ಬತ್ತದೆ ಬುಡಿ ಸಾ."

ಕಬ್ಬಿನ ಗದ್ದೆಗಳೆಲ್ಲ ಹಿಂದಕ್ಕೆ ಓಡುತ್ತಿದ್ದವು. ನಾನು ಪುಟ ತಿರುವಿದೆ. ಆರಂಭದಲ್ಲಿ ಗುಂಡಗಿದ್ದ ಮರಿ ಬರಬರುತ್ತಾ ಸೊರಗಿ, ಕೊನೆಗೆ ಆ ಪೆಟ್ಟಿಗೆ ಸೇರಿತ್ತು. ಚಿಂತೆಗೆ ಬೆಕ್ಕೂ ಹೀಗೆ ಇಳಿದುಹೋಗುತ್ತದೆಯೇ! ನನ್ನ ಪ್ಯಾಂಟೂ ಸಡಿಲವಾದಂತೆ ಅನ್ನಿಸಿತು.

ಶಾಲೆ ಬಿಟ್ಟಿತ್ತು. ಗೇಟಿನ ಹತ್ತಿರ ನಯನ, ಬೆರಳ ತುದಿಯಲ್ಲಿ ನೀಲಿ ಬಣ್ಣ. ನನ್ನನ್ನು ಕಂಡದ್ದೇ ಮುಖ ಅರಳಿತು.

"ಬಂದೇಬಿಟ್ರಾ! ಸ್ವೀಟ್ ಎಲ್ಲಿ?"

"ಬೀದಿಗೆ ಹಾಕಿ ಸ್ವೀಟ್ ಬೇರೆ ಕೇಳ್ತೀರಲ್ಲ ನಯನಾ!" ಆ ಪುಟವನ್ನು ಹಿಡಿದು ತೋರಿಸಿದೆ.

ಅವಳು ಪುಟ ನೋಡಿದಳು. ನನ್ನನ್ನು ನೋಡಿದಳು. ಹುಬ್ಬು ಮೆಲ್ಲಗೆ ಮೇಲೇರಿತು.

"ಇದು ಮೊದಲನೇ ಪುಟ ಕಣ್ರೀ. ಜಪಾನಿನವರು ಬಲಗಡೆಯಿಂದ ಓದ್ತಾರೆ." ನಗು ಮಾಯವಾಯಿತು. "ಎರಡೆರಡು ಸಲ ಓದಿದೀನಿ ಅಂದ್ರಿ?"

ಪ್ರಪಂಚ ನಿಂತುಹೋಯಿತು. ನರಸೀಪುರದ ಸಂಗಮದಲ್ಲಿ ಎರಡು ಹೊಳೆಯೂ ನಿಂತಿರಬೇಕು.

"ಅವತ್ತು ಓದಿಲ್ಲ ಅಂದಿದ್ರೆ ನಿಮ್ಮ ನಗು ಪುಸ್ತಕದ ಜೊತೆ ಬ್ಯಾಗಿನೊಳಕ್ಕೆ ಹೋಗ್ಬಿಡ್ತಿತ್ತು," ಎಂದೆ. "ಅದೊಂದೇ ಹೆದರಿಕೆ."

ಅವಳು ಮರದ ಕೆಳಗಿನ ಕಟ್ಟೆಯ ಮೇಲೆ ಕೂತು, ಪುಸ್ತಕವನ್ನು ಮಗುಚಿ, ನಿಜವಾದ ಕೊನೆಯ ಪುಟ ತೆರೆದಳು. ಬೆಕ್ಕೇ ಬೇಡವೆಂದು ಪುಸ್ತಕದುದ್ದಕ್ಕೂ ಗುಡುಗಿದ ಮನೆಯ ಯಜಮಾನ ಅಂಗಾತ ಮಲಗಿದ್ದಾನೆ. ಹೊಟ್ಟೆಯ ಮೇಲೆ ಮರಿಯ ನಿದ್ದೆ. ಅದು ಎದ್ದೀತೆಂದು ಅವನು ಮೂಗಿನ ಮೇಲಿನ ನೊಣವನ್ನೂ ಓಡಿಸುತ್ತಿಲ್ಲ.

"ಇದನ್ನ ಅಪ್ಪನಿಗೆ ತೋರಿಸ್ದೆ. 'ನಮ್ಮನೇಲಿ ಮಾತೇ ಇಲ್ಲ, ಅವನ ಸದ್ದಾದ್ರೂ ಇರ್ಲಿ ಬಿಡು' ಅಂದ್ರು."

ನನ್ನ ಬಾಯಿ ತೆರೆದೇ ಇತ್ತು. ಸದ್ದು ಮಾತ್ರ ಬರಲಿಲ್ಲ.

"ಅಯ್ಯೋ, ಇಷ್ಟಕ್ಕೇ ನಿಂತೋಯ್ತಾ? ಅಪ್ಪ ಒಪ್ಪಿದ್ದೇ ಅದಕ್ಕೆ!" ಅವಳು ಎದ್ದುಬಂದು ನನ್ನನ್ನು ಕೂರಿಸಿ, ಬಲಗಡೆಗೆ ಬಂದು ಕೂತಳು. ಭುಜಕ್ಕೆ ಭುಜ ತಾಗಿತು. ಪುಸ್ತಕ ಮತ್ತೆ ಮೊದಲ ಪುಟಕ್ಕೆ ಮಗುಚಿತು; ನೀಲಿ ಬೆರಳು ಮಳೆಯ ಚಿತ್ರದ ಮೇಲೆ ನಿಂತಿತು. "ಓದಿ. ಇಲ್ಲಿಂದ. ಸುಳ್ಳಿಲ್ಲದೆ."

ನಾನು ಬಲಗಡೆಗೆ ತಿರುಗಿದೆ. ಪುಸ್ತಕ ನೋಡಿದೆ ಅಂದರೆ ಅದು ಸುಳ್ಳಾಗುತ್ತದೆ.