ಒಂದೇ ಫೋಟೋದಲ್ಲಿ

ಡಾರ್ಜಿಲಿಂಗಿಗೆ ಬಂದು ಮೂರು ದಿನವಾದರೂ ಲಿಖಿತಾಳ ಫೋನಿನಲ್ಲಿ ಜಗನ್ ಜೊತೆ ಒಂದೇ ಒಂದು ಫೋಟೋ ಇರಲಿಲ್ಲ. ಮಂಜಿತ್ತು, ಮೊಮೊ ಇತ್ತು, ಮಂಕಿ ಕ್ಯಾಪ್ ಹಾಕಿದ ದೊಡ್ಡಮ್ಮ ಹನ್ನೊಂದು ಕಡೆ ಇದ್ದರು. ಅವನಿರಲಿಲ್ಲ.

ಪ್ಲಾನ್ ಅವಳದೇ. ನಂಜನಗೂಡಿನ ತನ್ನ ಮನೆಯವರಿಗೂ ಸೋಸಲೆಯ ಅವನ ಮನೆಯವರಿಗೂ ಒಂದೇ ಪ್ಯಾಕೇಜ್ ಟೂರ್ ಬುಕ್ ಮಾಡಿಸಿದ್ದಳು. ಮೊದಲು ಹಿರಿಯರು ಹೊಂದಿಕೊಳ್ಳಲಿ, ಆಮೇಲೆ ಎರಡು ವರ್ಷದ ಪ್ರೀತಿಯ ವಿಷಯ ಬಾಯಿಬಿಡೋಣ ಅಂತ. ಅಲ್ಲಿಯವರೆಗೆ ಇಬ್ಬರೂ ಅಪರಿಚಿತರು.

ಘೂಮ್‌ನ ಹಳೆಯ ಬೌದ್ಧ ಮಠದ ಅಂಗಳದಲ್ಲಿ ಪ್ರಾರ್ಥನಾ ಚಕ್ರ ತಿರುಗಿಸುತ್ತಾ ತಿರುಗಿಸುತ್ತಾ ಜಗನ್ ಪಕ್ಕಕ್ಕೆ ಬಂದ.

"ಮೇಡಂ, ಮೈಸೂರ್ ಕಡೆಯೋರಾ?"

"ಹೌದು ಸಾರ್. ತಾವು ಏನ್ ಈ ಕಡೆ?"

"ಹುಡುಗಿ ಹುಡುಕ್ಕೊಂಡು ಬಂದೆ. ಮೂಗು ಕೆಂಪಗಿರ್ಬೇಕು, ಅಷ್ಟೇ ಕಂಡೀಶನ್ನು."

"ಲೋ, ಇದು ಚಳಿಗೆ ಕಣೋ!" ಅವಳು ಮೂಗು ಮುಚ್ಚಿಕೊಂಡಳು. ಅವನ ಕಣ್ಣು ಅಲ್ಲಿಂದ ಕದಲಲಿಲ್ಲ.

ಕಟ್ಟೆಯ ಮೇಲೆ ದೊಡ್ಡಮ್ಮನೂ ಅವನ ತಾಯಿ ಸಾಕಮ್ಮನೂ ಒಂದೇ ಶಾಲು ಹೊದ್ದು ಚಕ್ಕುಲಿ ಮುರಿಯುತ್ತಿದ್ದರು. "ನೋಡೇ, ಆಗ್ಲೇ ಬೀಗಿತ್ತೀರು ಆಗೋದ್ರು. ಸಾಯಂಕಾಲ ಹೇಳ್ಬಿಡ್ತೀನಿ," ಎಂದ.

ಆಗಲೇ ದೊಡ್ಡಮ್ಮ ಕೂಗಿದರು.

"ಲೇ ಲಿಖಿ, ಓಡ್ಬಾ! ಇವ್ರ ಮನೆದೇವ್ರೂ ನಮ್ ಹುಲಿಯಮ್ಮನೇ ಅಂತೆ! ಒಂದೇ ಒಕ್ಕಲು ಕಣವ್ವ! ಜಗನ್ನು ನಿಂಗೆ ಅಣ್ಣ ಆಗ್ಬೇಕು!"

ಎರಡು ವರ್ಷದಲ್ಲಿ ಇಬ್ಬರೂ ಬ್ಲಡ್ ಗ್ರೂಪ್ ಕೇಳಿಕೊಂಡಿದ್ದರು, ಫೋನಿನ ಪಾಸ್‌ವರ್ಡ್ ಕೂಡ. ಮನೆದೇವರನ್ನು ಕೇಳಿರಲಿಲ್ಲ. ಒಂದೇ ಒಕ್ಕಲಿನವರೆಂದರೆ ಒಡಹುಟ್ಟಿದವರಂತೆ. ಹೆಣ್ಣು ಕೊಡುವ ಮಾತೇ ಇಲ್ಲ. ಅಕ್ಕ ಪಲ್ಲವಿಗೆ ಬಂದ ಒಳ್ಳೆಯ ಸಂಬಂಧವನ್ನು ಇದೇ ಕಾರಣಕ್ಕೆ ದೊಡ್ಡಮ್ಮ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಬೇಡ ಅಂದಿದ್ದರು.

"ಇದನ್ನೆಲ್ಲ ಯಾರ್ ನಂಬ್ತಾರೆ ಈಗ," ಜಗನ್ ಪಿಸುಗುಟ್ಟಿದ.

"ಹಂಗಾದ್ರೆ ಹೋಗಿ ಹೇಳು ನಿಮ್ಮಮ್ಮಂಗೆ. ಈಗ್ಲೇ."

ಅವನು ಎರಡು ಹೆಜ್ಜೆ ಹೋದ. ಸಾಕಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. "ನಂಗೆ ಹೆಣ್ಮಕ್ಕಳಿಲ್ಲ ಕಣಪ್ಪ. ಇನ್ಮೇಲೆ ಗೌರಿ ಹಬ್ಬಕ್ಕೆ ಇವಳಿಗೆ ಬಾಗಿನ ನೀನೇ ತಕೊಂಡೋಗ್ಬೇಕು. ಆಯ್ತಾ?"

ಲಿಖಿತಾ ಅವನ ಬೆನ್ನನ್ನೇ ನೋಡುತ್ತಿದ್ದಳು.

"ಆಯ್ತಮ್ಮ," ಎಂದ ಜಗನ್.

"ನಿಂತ್ಕೊಳ್ರಿ, ಒಂದ್ ಫೋಟೋ!" ದೊಡ್ಡಮ್ಮ ಫೋನ್ ಎತ್ತಿದರು. "ಅದೇನ್ ಅಷ್ಟ್ ದೂರ? ತಂಗಿ ಹೆಗಲ ಮೇಲೆ ಕೈ ಹಾಕಪ್ಪ, ನಾಚ್ಕೊಂಡ್ರೆ ಹೆಂಗೆ?"

ಮೂರು ದಿನದಿಂದ ಅವಳು ಕಾದಿದ್ದ ಕೈ, ಎಲ್ಲರೆದುರಿಗೇ, ಎಲ್ಲರ ಒಪ್ಪಿಗೆಯಿಂದಲೇ ಹೆಗಲ ಮೇಲೆ ಬಂದು ಕೂತಿತು.

"ಅಮ್ಮ ಅಳ್ತಿದ್ರು ಕಣೆ," ಎಂದ ತುಟಿ ಅಲ್ಲಾಡಿಸದೆ.

"ಫೋಟೋ ತೆಗೀತಿದಾರೆ. ನಗು ಅಣ್ಣ."

ಫೋಟೋ ಚೆನ್ನಾಗಿಯೇ ಬಂದಿತ್ತು. ಬಸ್ ಹತ್ತುವ ಮೊದಲೇ ಅದು ದೊಡ್ಡಮ್ಮನ ಸ್ಟೇಟಸ್ ಆಗಿತ್ತು. ಅದರಲ್ಲಿ ಲಿಖಿತಾಳ ಮೂಗು ಕೆಂಪಗಿತ್ತು.

"ಚಳಿ," ಎಂದಳು, ಯಾರೂ ಕೇಳದಿದ್ದರೂ.