ಹೊಳೆಯುವ ಕಟ್ಟಿಗೆ

ಇದು ೧೯೪೩ರ ಮಳೆಗಾಲದಲ್ಲಿ ಗಡಹಿಂಗ್ಲಜದ ನಮ್ಮ ಮನೆಯಲ್ಲಿ ನಡೆದದ್ದು. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ನನ್ನ ಹೆಂಡತಿ ಶಾಲನಳಿಗೆ ಹೆರಿಗೆಯಾಗಿ ಹನ್ನೊಂದು ದಿನವಾಗಿತ್ತು. ಬಾಣಂತಿಗೂ ಕೂಸಿಗೂ ನಿತ್ಯ ಬಿಸಿನೀರು ಬೇಕು. ಮನೆಯಲ್ಲಿ ಇದ್ದದ್ದು ಚಂದಗಡದ ಕಾಡಿನಿಂದ ಬಂದ, ಮಳೆಗೆ ನೆನೆದು ಕೊಳೆಯತೊಡಗಿದ್ದ ಒಂದು ಗಾಡಿ ಹಸಿ ಕಟ್ಟಿಗೆ. ನಮ್ಮ ಜೈನರ ಮನೆಯಲ್ಲಿ ಹುಳುಹುಪ್ಪಟೆ ಸಾಯಬಾರದೆಂದು ಪ್ರತಿ ಕಟ್ಟಿಗೆಯನ್ನೂ ನೋಡಿ, ಒರೆಸಿ ಒಲೆಗಿಡುತ್ತಾರೆ. ಆ ಕೆಲಸ ಅಜ್ಜಿಯದು.

ಕಿಟಕಿಯಿಲ್ಲದ ಕಟ್ಟಿಗೆ ಕೋಣೆಯಲ್ಲಿ ಹಾಡಹಗಲೇ ಕತ್ತಲು. ಅಲ್ಲಿ ಕಟ್ಟಿಗೆಯೆಲ್ಲ ಹಸಿರಾಗಿ ಹೊಳೆಯುತ್ತಿತ್ತು.

“ಇದನ್ನ ಸುಡಬ್ಯಾಡೋ ಪಾರೀಸಾ, ಜೀವ ಐತಿ,” ಎಂದಳು ಅಜ್ಜಿ.

“ಅಜ್ಜಿ, ಅದು ಅಣಬಿ! ಕೊಳತ ಕಟ್ಟಿಗಿ ಹಿಂಗ ಹೊಳೀತೈತಿ. ಪುಸ್ತಕದಾಗ ಓದೇನಿ.”

“ಅಣಬಿಗೆ ಜೀವ ಇಲ್ಲಂತ ಯಾವ ಪುಸ್ತಕದಾಗ ಬರದಾರ?”

ಒಳಗೆ ಕೂಸು ಚಳಿಗೆ ಅಳುತ್ತಿತ್ತು. ನಾನು ತಾಳ್ಮೆಗೆಟ್ಟು ಒಂದು ಹೊರೆ ಕಟ್ಟಿಗೆ ಒಲೆಗೆ ತುರುಕಿದೆ. ಹಸಿ ಕಟ್ಟಿಗೆ ಹೊಗೆಯಿಲ್ಲದೆ ಎರಡು ತಾಸು ಉರಿದು ಬೂದಿಯಾಯಿತು. ಹಂಡೆಯಲ್ಲಿ ಕೈಯಿಟ್ಟರೆ ನೀರು ಬಾವಿಯಿಂದ ಈಗಷ್ಟೇ ಸೇದಿದಂತೆ ಕೊರೆಯುತ್ತಿತ್ತು. ಹಂಡೆಯ ತಳಕ್ಕೆ ಮಸಿಯೂ ಹಿಡಿದಿರಲಿಲ್ಲ.

ಅಜ್ಜಿ ಆ ಬೂದಿಯನ್ನು ಬುಟ್ಟಿಗೆ ತೆಗೆದಿಟ್ಟು, ತನ್ನ ಮದುವೆಯ ತೇಗದ ಪೆಟ್ಟಿಗೆಯನ್ನು ಕೊಡಲಿಯಿಂದ ಸೀಳಿ ಅದೇ ಒಲೆಗಿಟ್ಟಳು. ಅರ್ಧ ತಾಸಿನಲ್ಲಿ ನೀರು ಕುದಿಯಿತು. ಕೂಸು ಮಿಂದು ನಿದ್ದೆ ಹೋಯಿತು.

ಆ ಬೂದಿಯ ಬುಟ್ಟಿ ಈಗಲೂ ಕಟ್ಟಿಗೆ ಕೋಣೆಯಲ್ಲೇ ಇದೆ. ಅಂದಿನ ಕೂಸು, ನನ್ನ ಮಗಳು, ಈಗ ಶಾಲೆಗೆ ಹೋಗುತ್ತಾಳೆ. ಅಣಬೆಯ ಮೇಲೆ ಮೂರು ಪುಸ್ತಕ ತರಿಸಿ ಓದಿದೆ; ಬೂದಿಯ ವಿಷಯ ಒಂದರಲ್ಲೂ ಇಲ್ಲ. ಕೋಣೆಯ ಬಾಗಿಲು ಮುಚ್ಚಿದರೆ ಆ ಬೂದಿ ಇನ್ನೂ ಹಸಿರಾಗಿ ಹೊಳೆಯುತ್ತದೆ. ಮುಟ್ಟಿದರೆ ಒದ್ದೆ.